ಕಾರು ಯಾವ ಕಾರ್ಖಾನೆಯದು? ನಾನು ಪತ್ತೆ ಮಾಡುವುದು ಹೀಗೆ

ಕಾರಿನ ಮೂತಿಯ ಮೇಲಿನ ಲಾಂಛನ ನೋಡಿ ಅದು ಎಲ್ಲಿ ತಯಾರಾಯ್ತು ಅಂತ ಹೇಳಲು ಬರುವುದಿಲ್ಲ. ಜರ್ಮನ್ ಹೆಸರಿನ ಕಾರು ಮೆಕ್ಸಿಕೊದಲ್ಲಿ, ಜಪಾನಿ ಹೆಸರಿನದು ಅಮೆರಿಕದಲ್ಲಿ ತಯಾರಾಗುವುದು ಈಗ ಮಾಮೂಲಿ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವ ಸ್ನೇಹಿತರು "ಸುಮ್ನೆ ಒಂದ್ಸಲ ಬಂದು ನೋಡು" ಅಂತ ಆಗಾಗ ಕರೆಯುತ್ತಾರೆ. ಹೋದ ಕೂಡಲೇ ನಾನು ಹುಡುಕುವುದು ಚಾಸಿ ನಂಬರನ್ನು, ಅಂದರೆ ಒಂದೊಂದು ಗಾಡಿಗೂ ತಯಾರಕರು ಕೊಡುವ ಗುರುತಿನ ಸಂಖ್ಯೆಯನ್ನು.

ಈಚೆಗೆ ಹೀಗೆ ನೋಡಿದ್ದು ಒಂದು ವೋಲ್ವೊ ವಿ40, 2012ರ ನಂತರ ಬಂದ ಮಾದರಿ. "ಪಕ್ಕಾ ಸ್ವೀಡನ್ ಗಾಡಿ, ಅಲ್ಲೇ ತಯಾರಾಗಿದ್ದು" ಅಂತ ಮಾರುವವರು ಪದೇ ಪದೇ ಹೇಳುತ್ತಿದ್ದರು. ಇರಬಹುದು, ನೋಡೋಣ ಅಂದೆ.

ನಂಬರ್ ಒಂದೇ ಕಡೆ ಇರುವುದಿಲ್ಲ. ಮುಂದಿನ ಗಾಜಿನ ಕೆಳಮೂಲೆಯಲ್ಲಿ ಹೊರಗಿನಿಂದಲೇ ಕಾಣುವಂತೆ ಒಂದು ಪುಟ್ಟ ಪಟ್ಟಿ ಇರುತ್ತದೆ. ಮುಂಬಾಗಿಲು ತೆರೆದರೆ ಕಂಬದ ಮೇಲೆ ಸ್ಟಿಕ್ಕರ್ ಇರಬಹುದು. ಬಾನೆಟ್ ಒಳಗೋ, ಮುಂದಿನ ಸೀಟಿನ ಹತ್ತಿರ ಕಾರ್ಪೆಟ್ ಕೆಳಗೋ ಲೋಹದಲ್ಲೇ ಕೊರೆದಿರುತ್ತಾರೆ. ನೋಂದಣಿ ಕಾಗದದಲ್ಲಂತೂ ಇದ್ದೇ ಇರುತ್ತದೆ. ಕಾಗದದಲ್ಲಿರುವುದನ್ನು ಲೋಹದಲ್ಲಿರುವುದಕ್ಕೆ ಹೋಲಿಸದೆ ನಾನು ಮುಂದೆ ಹೋಗುವುದಿಲ್ಲ. ಎರಡೂ ತಾಳೆಯಾಗದಿದ್ದರೆ ಕಾರು ಎಲ್ಲಿಯದು ಅನ್ನುವ ಪ್ರಶ್ನೆಯನ್ನೇ ಬಿಡಿ, ಆ ಗಾಡಿಯ ಸಹವಾಸವೇ ಬೇಡ.

ಕೊರೆದ ನಂಬರ್ ಓದುವುದಕ್ಕೆ ಸ್ವಲ್ಪ ತಾಳ್ಮೆ ಬೇಕು. ಜಿಡ್ಡು, ಧೂಳು ಸೇರಿ ಅಕ್ಷರಗಳು ಮುಚ್ಚಿಹೋಗಿರುತ್ತವೆ. ಒಣ ಬಟ್ಟೆಯಲ್ಲಿ ಒರೆಸಿ, ಮೊಬೈಲ್ ಟಾರ್ಚನ್ನು ನೇರವಾಗಿ ಬಿಡದೆ ಪಕ್ಕದಿಂದ ಓರೆಯಾಗಿ ಹಿಡಿಯುತ್ತೇನೆ. ಆಗ ಪ್ರತಿ ಗೀರಿನೊಳಗೂ ನೆರಳು ಬಿದ್ದು ಅಕ್ಷರ ಎದ್ದು ಕಾಣುತ್ತದೆ. 8 ಮತ್ತು ಇಂಗ್ಲಿಷಿನ ಬಿ, 5 ಮತ್ತು ಎಸ್, ಇವೆರಡು ಜೋಡಿಗಳಲ್ಲಿ ಗೊಂದಲ ಜಾಸ್ತಿ. ಆದರೆ ದುಂಡಗೆ ಕಂಡಿದ್ದು ಸೊನ್ನೆಯೋ ಓ ಅಕ್ಷರವೋ ಅಂತ ತಲೆ ಕೆಡಿಸಿಕೊಳ್ಳಬೇಕಿಲ್ಲ. ಐ, ಓ, ಕ್ಯೂ ಈ ಮೂರನ್ನು ಚಾಸಿ ನಂಬರಿನಲ್ಲಿ ಬಳಸುವಂತೆಯೇ ಇಲ್ಲ.

ಅಮೆರಿಕದಲ್ಲಿ 1981ರ ಮಾದರಿಗಳಿಂದ ಇದು 17 ಸ್ಥಾನಗಳ ನಂಬರ್ ಆಯ್ತು. ಅದಕ್ಕಿಂತ ಹಳೆಯ ಗಾಡಿಗಳಲ್ಲಿ ಒಬ್ಬೊಬ್ಬರದು ಒಂದೊಂದು ಪದ್ಧತಿ, ಅದರ ಕಥೆಯೇ ಬೇರೆ.

ಮೊದಲ ಮೂರು ಸ್ಥಾನ ತಯಾರಕರ ಗುರುತು. ಶುರುವಿನಲ್ಲಿ ಜೆ ಇದ್ದರೆ ಜಪಾನ್, ಡಬ್ಲ್ಯು ಇದ್ದರೆ ಜರ್ಮನಿ, ಎಲ್ ಇದ್ದರೆ ಚೀನಾ. 1, 4, 5 ಅಮೆರಿಕ, 2 ಕೆನಡಾ, 3 ಮೆಕ್ಸಿಕೊ. ಕೆಲವು ಅಕ್ಷರಗಳನ್ನು ಹಲವು ದೇಶಗಳು ಹಂಚಿಕೊಂಡಿವೆ, ಅಲ್ಲಿ ಎರಡನೆಯದನ್ನೂ ನೋಡಬೇಕು. ಎಮ್ ನಂತರ ಎ ಬಂದರೆ ಭಾರತ, ಎಮ್ ನಂತರ ಆರ್ ಬಂದರೆ ಥಾಯ್ಲೆಂಡ್. ಬಹಳಷ್ಟು ಜನ ಇಲ್ಲಿಗೇ ನಿಲ್ಲಿಸುತ್ತಾರೆ. ನಾನು ನಿಲ್ಲಿಸುವುದಿಲ್ಲ, ಯಾಕೆಂದರೆ ಈ ಮೂರು ಸ್ಥಾನಗಳು ಕಂಪನಿಯ ವಿಳಾಸ ಕೊಟ್ಟು ಕಾರ್ಖಾನೆಯ ವಿಳಾಸ ಕೊಡದೇ ಇರಬಹುದು.

ಆ ವೋಲ್ವೊ ಇದಕ್ಕೆ ಒಳ್ಳೇ ಉದಾಹರಣೆ. ನಂಬರ್ ಶುರುವಾಗಿದ್ದು ವೈ, ವಿ, 1 ಅಂತ. ಅಂದರೆ ಸ್ವೀಡನ್, ವೋಲ್ವೊ ಕಾರು. ಮಾರುವವರ ಮುಖ ಅರಳಿತು. ಅಲ್ಲಿಂದ ಎಣಿಸುತ್ತಾ, ಸಾಮಾನ್ಯವಾಗಿ ಕಾರ್ಖಾನೆಯ ಗುರುತು ಇರುವ 11ನೇ ಸ್ಥಾನಕ್ಕೆ ಬಂದೆ. ಅಲ್ಲಿ ಇದ್ದಿದ್ದು 2. ವೋಲ್ವೊ ಲೆಕ್ಕದಲ್ಲಿ 1 ಅಂದರೆ ಸ್ವೀಡನ್‌ನ ಟೋರ್ಸ್ಲಾಂಡ, 2 ಅಂದರೆ ಬೆಲ್ಜಿಯಮ್‌ನ ಗೆಂಟ್. ಗೆಂಟ್ ಕಾರ್ಖಾನೆ 1965ರಿಂದ ಇದೆ, ಅಲ್ಲಿಂದ ಹೊರಬೀಳುವ ಕಾರುಗಳಿಗೂ ಶುರುವಿನಲ್ಲಿ ಸ್ವೀಡನ್ ಗುರುತೇ. ಗಾಡಿ ಅದರಿಂದ ಕೆಟ್ಟದ್ದೇನೂ ಆಗಲ್ಲ ಬಿಡಿ. ಆದರೆ "ಸ್ವೀಡನ್‌ನಲ್ಲೇ ತಯಾರಾಗಿದ್ದು" ಅಂತ ದುಡ್ಡು ಜಾಸ್ತಿ ಕೇಳುವ ಹಾಗಿಲ್ಲ, ಅಲ್ವಾ?

ಪೋರ್ಷೆ ಬಾಕ್ಸ್‌ಸ್ಟರ್‌ನದೂ ಇದೇ ಥರ. ಒಂದು ಕಾಲದಲ್ಲಿ ಅದರ ಬಹಳಷ್ಟು ಕಾರುಗಳನ್ನು ಫಿನ್ಲೆಂಡಿನ ವಾಲ್ಮೆಟ್ ಕಾರ್ಖಾನೆ ಜೋಡಿಸಿ ಕೊಡುತ್ತಿತ್ತು. ಮೊದಲ ಅಕ್ಷರ ಜರ್ಮನಿಯ ಡಬ್ಲ್ಯು. 11ನೇ ಸ್ಥಾನದಲ್ಲಿ ಎಸ್ ಇದ್ದರೆ ಸ್ಟುಟ್‌ಗಾರ್ಟ್, ಯು ಇದ್ದರೆ ಫಿನ್ಲೆಂಡಿನ ಊಸಿಕೌಪುಂಕಿ. ಫೋಕ್ಸ್‌ವ್ಯಾಗನ್‌ನಲ್ಲಿ ಅದೇ ಜಾಗದಲ್ಲಿ ಡಬ್ಲ್ಯು ಇದ್ದರೆ ವೂಲ್ಫ್ಸ್‌ಬುರ್ಗ್, ಇ ಇದ್ದರೆ ಎಮ್ಡೆನ್. ಟೆಸ್ಲಾದಲ್ಲಿ ಎಫ್ ಅಂದರೆ ಫ್ರೀಮಾಂಟ್, ಸಿ ಅಂದರೆ ಶಾಂಘೈ. ಒಂದೊಂದು ಕಂಪನಿಗೂ ತನ್ನದೇ ಪಟ್ಟಿ ಇರುವುದರಿಂದ ಒಬ್ಬರ ಪಟ್ಟಿ ಹಿಡಿದು ಇನ್ನೊಬ್ಬರ ಕಾರು ಓದಬಾರದು.

11ನೇ ಸ್ಥಾನದಲ್ಲಿ ಕಾರ್ಖಾನೆಯ ಗುರುತು ಇರಲೇಬೇಕು ಅನ್ನುವುದು ಉತ್ತರ ಅಮೆರಿಕದ ನಿಯಮ. ಬೇರೆ ಕಡೆ ಬಹಳ ಕಂಪನಿಗಳು ಪಾಲಿಸುತ್ತವೆ, ಎಲ್ಲವೂ ಅಲ್ಲ. ಫೋರ್ಡ್‌ನ ಯುರೋಪಿನ ಕಾರುಗಳಲ್ಲಿ ಆ ಜಾಗದಲ್ಲಿ ವರ್ಷ ಕೂತಿರುತ್ತದೆ, ಅದರ ಪಕ್ಕದಲ್ಲಿ ತಿಂಗಳು. ಅಂಥ ಗಾಡಿ ಸಿಕ್ಕಾಗ ನಾನು ಊಹೆ ಮಾಡುತ್ತಾ ಕೂರುವುದಿಲ್ಲ, ಪೂರ್ತಿ ನಂಬರ್ ಕೊಟ್ಟು ಕಂಪನಿಗೇ ಬರೆದು ಕೇಳುತ್ತೇನೆ. ಅಮೆರಿಕದ ಮಾರುಕಟ್ಟೆಗೆ ತಯಾರಾದ ಕಾರಾದರೆ ಇಷ್ಟು ಕಷ್ಟವಿಲ್ಲ. ಅಲ್ಲಿನ ಹೆದ್ದಾರಿ ಸುರಕ್ಷತಾ ಇಲಾಖೆಯ ಆನ್‌ಲೈನ್ ಸೌಲಭ್ಯದಲ್ಲಿ ನಂಬರ್ ಹಾಕಿದರೆ ಕಾರ್ಖಾನೆಯ ಊರಿನ ಹೆಸರೇ ಬರುತ್ತದೆ, ಅದೂ ಪುಕ್ಕಟೆ.

9ನೇ ಸ್ಥಾನವೂ ಉಪಯೋಗಕ್ಕೆ ಬರುತ್ತದೆ. ಉತ್ತರ ಅಮೆರಿಕ ಮತ್ತು ಚೀನಾದ ಕಾರುಗಳಲ್ಲಿ ಅದು ತಾಳೆ ಅಂಕಿ. ಅಕ್ಷರಗಳ ಬದಲು ಅವಕ್ಕೆ ನಿಗದಿಯಾದ ಅಂಕಿ ಹಾಕಿಕೊಂಡು, ಉಳಿದ ಸ್ಥಾನಗಳನ್ನು ಒಂದೊಂದಕ್ಕೂ ಗೊತ್ತುಪಡಿಸಿದ ಸಂಖ್ಯೆಯಿಂದ ಗುಣಿಸಿ, ಕೂಡಿಸಿ, 11ರಿಂದ ಭಾಗಿಸಿದರೆ ಉಳಿಯುವ ಶೇಷ ಅಲ್ಲಿರಬೇಕು. ಶೇಷ 10 ಬಂದರೆ ಎಕ್ಸ್ ಬರೆಯುತ್ತಾರೆ. ಓದುವಾಗ ಬಿ ಬದಲು 8 ಬರೆದುಕೊಂಡರೆ ಬಹುತೇಕ ಇಲ್ಲೇ ಗೊತ್ತಾಗಿಬಿಡುತ್ತದೆ. ಯುರೋಪಿನ ಕಾರುಗಳಲ್ಲಿ ಈ ಜಾಗಕ್ಕೆ ಸುಮ್ನೆ ಜೆಡ್ ತುಂಬಿರುವುದೂ ಉಂಟು.

ಗಾಜು, ಹೆಡ್‌ಲೈಟ್‌ಗಳ ಮೇಲೆ ವೃತ್ತದೊಳಗೆ ಇ ಅಕ್ಷರ ಮತ್ತು ಒಂದು ಸಂಖ್ಯೆ ಇರುತ್ತದಲ್ಲ, ಅದನ್ನು ತೋರಿಸಿ "ನೋಡಿ, 4 ಅಂದರೆ ನೆದರ್ಲೆಂಡ್ಸ್, ಕಾರು ಅಲ್ಲಿಯದು" ಅಂತ ವಾದಿಸುವವರಿದ್ದಾರೆ. 4 ನೆದರ್ಲೆಂಡ್ಸ್ ಅನ್ನುವುದು ನಿಜ, 1 ಜರ್ಮನಿ, 2 ಫ್ರಾನ್ಸ್. ಆದರೆ ಅದು ಆ ಬಿಡಿಭಾಗಕ್ಕೆ ಮಂಜೂರಾತಿ ಕೊಟ್ಟ ದೇಶ. ಭಾಗ ತಯಾರಾದ ಜಾಗವೂ ಅಲ್ಲ, ಕಾರು ತಯಾರಾದ ಜಾಗವೂ ಅಲ್ಲ.

ಇಷ್ಟೆಲ್ಲ ಮಾಡಿ ಸಿಗುವುದು ಕೊನೆಯ ಜೋಡಣೆ ನಡೆದ ಊರು. ಎಂಜಿನ್, ಗೇರ್‌ಬಾಕ್ಸ್ ಬೇರೆ ದೇಶದಿಂದ ಬಂದಿರಬಹುದು, ಅದು ಚಾಸಿ ನಂಬರಿನಲ್ಲಿ ಕಾಣುವುದಿಲ್ಲ. ಅಮೆರಿಕದಲ್ಲಿ 1992ರ ಕಾಯ್ದೆಯೊಂದರ ಪ್ರಕಾರ ಹೊಸ ಕಾರಿನ ಮೇಲೆ ಅಂಟಿಸುವ ಚೀಟಿಯಲ್ಲಿ ಇವೆರಡೂ ಯಾವ ದೇಶದವು ಅಂತ ಬರೆದಿರಬೇಕು. ಹಳೇ ಗಾಡಿಯ ಗ್ಲೋವ್ ಬಾಕ್ಸ್‌ನಲ್ಲಿ ಮೊದಲ ಮಾಲೀಕರು ಆ ಚೀಟಿಯನ್ನು ಮಡಚಿ ಇಟ್ಟಿದ್ದಾರಾ ಅಂತ ನಾನು ತಪ್ಪದೆ ನೋಡುತ್ತೇನೆ.