ಗಿನಿಪಿಗ್‌ಗೆ ಹುಲ್ಲು ಹಾಕುವ ಮುನ್ನ

ಗಿನಿಪಿಗ್ ತಂದವರು ಗೂಡಿಗೆ, ಬಣ್ಣಬಣ್ಣದ ಪೆಲ್ಲೆಟ್‌ಗೆ ಧಾರಾಳವಾಗಿ ದುಡ್ಡು ಸುರಿಯುತ್ತಾರೆ. ಒಣಹುಲ್ಲಿನ ಮಾತು ಬಂದರೆ ಮಾತ್ರ ‘ಹುಲ್ಲು ತಾನೇ’ ಅಂತ ಕೈಗೆ ಸಿಕ್ಕಿದ್ದನ್ನು ಹಾಕುತ್ತಾರೆ. ಆ ಪ್ರಾಣಿಯ ಊಟದಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಹುಲ್ಲೇ ಇರಬೇಕು. ಅದರ ಹಲ್ಲು ಸಾಯುವವರೆಗೂ ಬೆಳೆಯುತ್ತದೆ, ನಾರು ಅಗಿದರೆ ಮಾತ್ರ ಸವೆಯುತ್ತದೆ.

ಮೊದಲು ಆಯ್ಕೆ. ಟಿಮೊಥಿ, ಆರ್ಚರ್ಡ್, ರೋಡ್ಸ್, ಓಟ್ಸ್ ಹುಲ್ಲು ಯಾವುದಾದರೂ ಸರಿ. ಕುದುರೆಮೆಂತೆ, ಅಂದರೆ ಪೊಟ್ಟಣದ ಮೇಲೆ ಆಲ್ಫಾಲ್ಫಾ ಅಂತ ಬರೆದಿರುವುದು, ಮರಿಗಳಿಗೆ ಮತ್ತು ಗಬ್ಬವಾದವಕ್ಕೆ ಮಾತ್ರ. ಆರು ತಿಂಗಳು ದಾಟಿದವಕ್ಕೆ ದಿನಾ ಹಾಕಿದರೆ ಕ್ಯಾಲ್ಸಿಯಂ ಜಾಸ್ತಿಯಾಗಿ ಮೂತ್ರಕೋಶದಲ್ಲಿ ಕಲ್ಲು ಕಟ್ಟಬಹುದು. ಭತ್ತದ ಹುಲ್ಲು ಹಾಸಲು ಆದೀತು, ಊಟಕ್ಕೆ ಸತ್ವ ಸಾಲದು. ಎಳೆ ಜೋಳದ ಪೈರು ಬೇಡವೇ ಬೇಡ. ಅದರ ಸಯನೈಡ್ ಅಂಶಕ್ಕೆ ದನಗಳೇ ಸಾಯುವುದುಂಟು.

ಪೇಟೆಯ ಟಿಮೊಥಿ ದುಬಾರಿ ಅನ್ನುವವರಿಗೆ ನನ್ನ ಮಾತು ಒಂದೇ: ಗರಿಕೆ ಒಣಗಿಸಿಕೊಳ್ಳಿ. ಕಳೆನಾಶಕ ಬೀಳದ, ನಾಯಿಗಳು ಓಡಾಡದ ಜಾಗದಿಂದ ಕೊಯ್ಯಿರಿ, ಕಾಂಗ್ರೆಸ್ ಗಿಡ ಬೆರೆಯದಂತೆ ನೋಡಿಕೊಳ್ಳಿ. ಪಾರ್ಕಿನಲ್ಲಿ ಮೆಷಿನ್ ಕತ್ತರಿಸಿ ಹಾಕಿದ ರಾಶಿಯನ್ನು ಪುಕ್ಕಟೆ ಸಿಗುತ್ತದೆಂದು ತರಬೇಡಿ. ಅದು ಬೇಗ ಬಿಸಿಯಾಗಿ ಹುಳಿಯುತ್ತದೆ, ತಿಂದರೆ ಹೊಟ್ಟೆ ಉಬ್ಬರಿಸುತ್ತದೆ.

ಬಹಳ ಜನ ಕೆಡಿಸುವುದು ಒಣಗಿಸುವಲ್ಲೇ. ತಾರಸಿಯ ಸುಡುಬಿಸಿಲಿಗೆ ದಪ್ಪಗೆ ಸುರಿದು ಸಂಜೆ ಚೀಲಕ್ಕೆ ತುಂಬಿಬಿಡುತ್ತಾರೆ. ಮೇಲಿನ ಪದರ ಬೆಳ್ಳಗೆ ಬಿಳಿಚಿಕೊಂಡಿರುತ್ತದೆ, ಅಡಿಯದ್ದು ಇನ್ನೂ ಹಸಿ. ಗಾಳಿಯಾಡುವ ನೆರಳಿನಲ್ಲಿ, ಹಳೇ ಹತ್ತಿ ಸೀರೆಯ ಮೇಲೆ ತೆಳ್ಳಗೆ ಹರಡಿ. ದಿನಕ್ಕೆ ಎರಡು ಮೂರು ಸಲ ಮಗುಚಿ. ರಾತ್ರಿ ಇಬ್ಬನಿ ಬೀಳದಂತೆ ಒಳಗೆ ತನ್ನಿ. ಎಲೆ ಗರಿಗರಿಯಾಯಿತು ಅಂತ ನಂಬಬೇಡಿ, ನೀರು ಉಳಿಯುವುದು ದಂಟಿನ ಗೆಣ್ಣಿನಲ್ಲಿ. ಗೆಣ್ಣನ್ನು ಉಗುರಿನಿಂದ ಒತ್ತಿ ನೋಡಿ. ತಂಪು ಹತ್ತಿದರೆ ಇನ್ನೂ ಆಗಿಲ್ಲ. ಬಗ್ಗಿಸಿದಾಗ ಚಟಕ್ಕನೆ ಮುರಿಯಬೇಕು. ಆಮೇಲೂ ಅನುಮಾನವಿದ್ದರೆ ಒಂದು ಹಿಡಿಯನ್ನು ಗಾಜಿನ ಬಾಟಲಿಗೆ ಹಾಕಿ ಮುಚ್ಚಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಒಳಗೆ ಮಂಜು ಕಟ್ಟಿದ್ದರೆ ಎಲ್ಲವನ್ನೂ ಮತ್ತೆ ಹರಡಬೇಕು. ಬೇಗ ಆಗಲಿ ಅಂತ ಮೈಕ್ರೋವೇವ್‌ಗೆ ಇಡುವವರಿದ್ದಾರೆ. ಸುಮ್ನೆ ಬೆಂಕಿಗೆ ದಾರಿ.

ಕೊಂಡು ತಂದದ್ದನ್ನೂ ಹಾಗೇ ಹಾಕಬೇಡಿ. ಪೊಟ್ಟಣ ಬಿಚ್ಚಿದ ಕೂಡಲೇ ಮೂಸಿ. ಒಳ್ಳೆ ಹುಲ್ಲು ಸಿಹಿ ಸೊಪ್ಪಿನ ವಾಸನೆ ಕೊಡುತ್ತದೆ. ಮುಗ್ಗಲು ಬಂದರೆ ವಾಪಸ್ ಮಾಡಿ. ಒಂದು ಹಿಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಕೊಡವಿ. ಬೂದುಬಣ್ಣದ ಪುಡಿ ಹೊಗೆಯಂತೆ ಎದ್ದರೆ ಅದು ಬೂಷ್ಟು. ಅಂಟಿಕೊಂಡ ಗಂಟುಗಳನ್ನು ಬಿಡಿಸಿ ಒಳಗೂ ನೋಡಿ. ‘ಬಿಸಿಲಿಗೆ ಹಾಕಿದರೆ ಸರಿಹೋಗುತ್ತೆ’ ಅನ್ನುತ್ತಾರಲ್ಲ, ಹೋಗುವುದು ವಾಸನೆ ಮಾತ್ರ, ಬೂಷ್ಟಿನ ವಿಷ ಅಲ್ಲೇ ಉಳಿಯುತ್ತದೆ. ಚೂಪು ಮುಳ್ಳಿನ ತೆನೆಗಳನ್ನು ಆರಿಸಿ ತೆಗೆಯಿರಿ, ಕಣ್ಣಿಗೂ ಬಾಯಿಗೂ ಚುಚ್ಚುತ್ತವೆ. ಜೇನು ಹಾಕಿ ಕಾಳು ಅಂಟಿಸಿದ ಕಡ್ಡಿಗಳನ್ನಂತೂ ಅಂಗಡಿಯಲ್ಲೇ ಬಿಟ್ಟು ಬನ್ನಿ.

ಶೇಖರಣೆಗೆ ಹತ್ತಿ ಚೀಲ ಅಥವಾ ರಟ್ಟಿನ ಪೆಟ್ಟಿಗೆ, ನೆಲದಿಂದ ಎತ್ತರದಲ್ಲಿ. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಸ್ವಲ್ಪ ಸ್ವಲ್ಪವೇ ತರುವುದು ಒಳ್ಳೆಯದು.

ಎಷ್ಟು ಹಾಕಬೇಕು? ಲೆಕ್ಕವೇ ಬೇಡ, ಹಗಲು ರಾತ್ರಿ ಎದುರಿಗಿರಲಿ. ಒದ್ದೆಯಾದದ್ದನ್ನು ತೆಗೆದು ಹೊಸದು ಹಾಕಿ. ಒಣಹುಲ್ಲಿನಲ್ಲಿ ಬೇಕಾದಷ್ಟು ವಿಟಮಿನ್ ಸಿ ಇರುವುದಿಲ್ಲ, ಗಿನಿಪಿಗ್ ಮೈ ಅದನ್ನು ತಯಾರಿಸಿಕೊಳ್ಳುವುದೂ ಇಲ್ಲ. ದಿನಾ ಒಂದು ತುಂಡು ದಪ್ಪ ಮೆಣಸಿನಕಾಯಿ ಕೊಡಿ.

ಗಲ್ಲ ಒದ್ದೆಯಾಗಿದ್ದರೆ, ಹಿಕ್ಕೆ ಸಣ್ಣದಾದರೆ, ಅರ್ಧ ದಿನ ಹುಲ್ಲು ಮುಟ್ಟದಿದ್ದರೆ ನಾಳೆ ನೋಡೋಣ ಅನ್ನದೆ ಅವತ್ತೇ ಪಶುವೈದ್ಯರ ಹತ್ತಿರ ಒಯ್ಯಿರಿ. ಹಾಕುತ್ತಿದ್ದ ಹುಲ್ಲನ್ನೂ ಒಂದು ಹಿಡಿ ಜೊತೆಗೆ ತೆಗೆದುಕೊಂಡು ಹೋಗಿ.