ಹಳೆ ಟ್ರಾಲಿಗೆ ನಾನು ಬೆಲೆ ಕಟ್ಟಿದ ಬಗೆ

ಆಳಂದ ತಾಲ್ಲೂಕಿನಲ್ಲಿ ನಮ್ಮದು ಹದಿನಾಲ್ಕು ಎಕರೆ ಎರೆ ಹೊಲ. ತೊಗರಿ, ಕಡಲೆ, ಮನೆಗೆ ಸಾಲುವಷ್ಟು ಜೋಳ. ಟ್ರ್ಯಾಕ್ಟರ್ ಇತ್ತು, ಟ್ರಾಲಿ ಇರಲಿಲ್ಲ. ತಿಪ್ಪೆಗೊಬ್ಬರ ಹೇರಲು, ರಾಶಿಯಾದ ಮೇಲೆ ಕಲಬುರಗಿಯ ಧಾನ್ಯ ಮಾರುಕಟ್ಟೆಯಾದ ಗಂಜ್‌ಗೆ ಚೀಲ ಒಯ್ಯಲು ವರ್ಷ ವರ್ಷವೂ ಬಾಡಿಗೆ ಕೊಟ್ಟು ಸಾಕಾಗಿತ್ತು. ಕಪನೂರ ಕೈಗಾರಿಕಾ ಪ್ರದೇಶದಲ್ಲಿ ವಿಚಾರಿಸಿದರೆ, ಹೇರು ಸುರಿಯಲು ಎತ್ತುವ ಜಾಕ್ ಇರುವ ಎರಡು ಗಾಲಿಯ ಹೊಸ ಟ್ರಾಲಿಗೆ 1,75,000 ರೂಪಾಯಿ ಎಂದರು. ಅಷ್ಟು ಹಣ ಕೈಯಲ್ಲಿರಲಿಲ್ಲ. ಹಳೆಯದನ್ನೇ ಹುಡುಕತೊಡಗಿದೆ.

ಹುಡುಕಲು ಹೊರಟದ್ದು ಆಷಾಢದಲ್ಲಿ. ಬಿತ್ತನೆ ಮುಗಿದಿರುತ್ತದೆ, ತೊಗರಿ ರಾಶಿಗೆ ಇನ್ನೂ ಐದಾರು ತಿಂಗಳು, ಸಕ್ಕರೆ ಕಾರ್ಖಾನೆಗಳು ಕಬ್ಬು ಅರೆಯುವುದು ದಸರೆ ದೀಪಾವಳಿ ಕಳೆದ ಮೇಲೆ. ಟ್ರಾಲಿಗಳೆಲ್ಲ ಮನೆ ಮುಂದೆ ಮಳೆಯಲ್ಲಿ ನೆನೆಯುತ್ತ ನಿಂತಿರುತ್ತವೆ. ಮಾರುವವರಿಗೆ ಆಗಲೇ ಹಣದ ಅಡಚಣೆ ಹೆಚ್ಚು.

ನಮ್ಮೂರಿನ ವೆಲ್ಡಿಂಗ್ ಚಾಚಾ ಜೊತೆಗೆ ಬಂದರು. ದಿನದ ಕೂಲಿ, ಎರಡು ಹೊತ್ತಿನ ಊಟ, ಎಲೆ ಅಡಿಕೆ. ಇಡೀ ವ್ಯವಹಾರದಲ್ಲಿ ನಾನು ಮಾಡಿದ ಅತ್ಯಂತ ಲಾಭದ ಖರ್ಚು ಅದೇ.

ಮೊದಲು ನೋಡಿದ್ದು ಅಫಜಲಪುರದ ಕಡೆಯ ಕಬ್ಬಿನ ಟ್ರಾಲಿ. 70,000 ಹೇಳಿದ್ದರು. ಹೊಸ ಕೆಂಪು ಬಣ್ಣ, ಹಿಂದೆ ದೇವರ ಹೆಸರು, ನನಗಂತೂ ನೋಡಿದ ಕೂಡಲೇ ಮನಸ್ಸು ಕುಳಿತುಬಿಟ್ಟಿತ್ತು. ಚಾಚಾ ಬಣ್ಣದ ಕಡೆ ತಿರುಗಿಯೂ ನೋಡಲಿಲ್ಲ. ಜೇಬಿನಿಂದ ಸುತಳಿ ತೆಗೆದು ಒಂದು ತುದಿಯನ್ನು ಮುಂದಿನ ಕೊಂಡಿಗೆ ಕಟ್ಟಿದರು. ಇನ್ನೊಂದು ತುದಿಯನ್ನು ಎಡಗಾಲಿಯ ಹಬ್ಬಿನ (ಗಾಲಿಯ ಗುಂಬದ) ನಡುವಿಗೆ ಎಳೆದು ಗಂಟು ಹಾಕಿದರು. ಅದೇ ಸುತಳಿಯನ್ನು ಬಲಗಾಲಿಗೆ ಎಳೆದರೆ ಗಂಟು ಹಬ್ಬನ್ನು ಮುಟ್ಟಲೇ ಇಲ್ಲ, ಎರಡು ಬೆರಳು ಈಚೆಗೇ ನಿಂತಿತು. ‘ಅಚ್ಚು ಸರಿದಿದೆ ಗೌಡರೇ. ಇದನ್ನು ಕೊಂಡರೆ ವರ್ಷಕ್ಕೊಂದು ಜೊತೆ ಟೈರು ತಿನ್ನುತ್ತದೆ’ ಎಂದರು. ಕಬ್ಬಿನ ಟ್ರಾಲಿಗಳ ಪಾಡೇ ಇದು. ಮಿತಿ ಮೀರಿ ಹೇರಿಸಿಕೊಂಡು, ಹೊಲದ ಕೆಸರಿನಿಂದ ಜಗ್ಗಿಸಿಕೊಂಡು, ಎರಡು ಮೂರು ಹಂಗಾಮಿನಲ್ಲೇ ಸೊಂಟ ಮುರಿದುಕೊಳ್ಳುತ್ತವೆ.

ಎರಡನೆಯದು ಭೀಮಾ ತೀರದ್ದು, ಮರಳು ಸಾಗಿಸಿದ್ದು. ಹಸಿ ಮರಳಿನ ನೀರು ಮೂಲೆಗಳಲ್ಲಿ ಇಂಗಿ ತಳದ ಪತ್ರಾ (ಕಬ್ಬಿಣದ ತಗಡು) ಹಪ್ಪಳದಂತಾಗಿತ್ತು. ಬಾಗಿಲಲ್ಲೇ ಕೈಮುಗಿದು ಬಂದೆವು. ಶಹಾಬಾದ್ ಕಲ್ಲು ಹೊತ್ತ ಇನ್ನೊಂದಿತ್ತು. ಅದರ ತಳ ನೋಡಿದರೆ ಯಾರೋ ಒನಕೆಯಿಂದ ಕುಟ್ಟಿದ ಹಾಗಿತ್ತು.

ಮೂರು ಭಾನುವಾರ ಹೀಗೆ ಕಳೆದ ಮೇಲೆ ನನಗೆ ಒಂದು ಅಭ್ಯಾಸವಾಯಿತು: ಬೆಲೆ ಕೇಳುವ ಮೊದಲು ‘ಇದರಲ್ಲಿ ಏನೇನು ಹೇರುತ್ತಿದ್ದಿರಿ?’ ಎಂದು ಕೇಳುವುದು.

ಕೊನೆಗೆ ಸಿಕ್ಕಿದ್ದು ಚಿತ್ತಾಪುರದ ಕಡೆ, ತೊಗರಿ ಮತ್ತು ಗೊಬ್ಬರ ಹೊತ್ತಿದ್ದ ಟ್ರಾಲಿ. ಮಾಲೀಕರು 1,15,000 ಹೇಳಿದರು. ಸುತಳಿ ಎರಡೂ ಕಡೆ ಸಮ ಬಂತು. ಒಂದೊಂದೇ ಗಾಲಿಯನ್ನು ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದೆವು, ತಿರುಗಿಸಿ ಕಿವಿಗೊಟ್ಟೆವು. ಬೇರಿಂಗ್ ಗರಗರ ಎನ್ನಲಿಲ್ಲ. ಸ್ಪ್ರಿಂಗ್ ಪಾಟಾ ಮುರಿದಿರಲಿಲ್ಲ. ಚಾಚಾ ಸಣ್ಣ ಸುತ್ತಿಗೆಯಿಂದ ಚಾಸಿಸ್ (ಅಡಿಯ ಕಬ್ಬಿಣದ ಚೌಕಟ್ಟು) ಉದ್ದಕ್ಕೂ ಬಡಿಯುತ್ತ ಹೋದರು. ಬಿರುಕಿದ್ದರೆ ಸದ್ದು ಬದಲಾಗಬೇಕು, ಎಲ್ಲಿಯೂ ಬದಲಾಗಲಿಲ್ಲ. ಟೈರಿನ ಪಕ್ಕದಲ್ಲಿ 0815 ಎಂದಿತ್ತು. ಅಂದರೆ 2015ರ ಎಂಟನೇ ವಾರ ತಯಾರಾದದ್ದು. ಟೈರಿನ ಹೂವು (ನೆಲಕ್ಕೆ ತಾಗುವ ಕಡೆಯ ಗೆರೆಗಳು) ಚೆನ್ನಾಗಿದ್ದರೂ ಪಕ್ಕದ ರಬ್ಬರ್ ಬೇಸಿಗೆಯ ಕೆರೆಯಂತೆ ಬಿರಿದಿತ್ತು. ಅರ್ಧ ಹೇರು ಮಣ್ಣು ತುಂಬಿಸಿ ಜಾಕ್ ಎತ್ತಿಸಿ ಹತ್ತು ನಿಮಿಷ ದೂರ ನಿಂತೆವು. ಟ್ರಾಲಿ ಒಂದು ಗೇಣು ಇಳಿಯಿತು. ಜಾಕಿನ ಸೀಲು ಹೋಗಿರಬೇಕು. ಎತ್ತಿದ ಟ್ರಾಲಿಯ ಕೆಳಗೆ ಮಾತ್ರ ಯಾರೂ ತಲೆ ಹಾಕಬೇಡಿ. ಗೊಬ್ಬರ ನಿಂತು ಹಿಂದಿನ ಎರಡು ಮೂಲೆ ತುಕ್ಕು ಹಿಡಿದಿದ್ದವು.

ಆಮೇಲೆ ಹೆದ್ದಾರಿಯ ಕಾಂಟಾಕ್ಕೆ (ಗಾಡಿ ತೂಗುವ ಕಡೆ) ಒಯ್ದು ತೂಗಿಸಿದೆವು: ಖಾಲಿ 1,280 ಕೆಜಿ. ಗುಜರಿಯವನು ಕೆಜಿಗೆ 30 ಕೊಡುತ್ತಿದ್ದ. ಅಲ್ಲಿಗೆ ಕಬ್ಬಿಣದ ಬೆಲೆಯೇ 38,400. ಅದಕ್ಕಿಂತ ಕಡಿಮೆ ಕೇಳಿದರೆ ನನ್ನ ಮರ್ಯಾದೆ ಹೋಗುತ್ತದೆ. ರಿಪೇರಿ ಸೇರಿ 1,20,000 ದಾಟಿದರೆ ಇನ್ನಷ್ಟು ಸಾಲ ಮಾಡಿ ಹೊಸದನ್ನೇ ತರಬಹುದು. ಎರಡು ಟೈರಿಗೆ 24,000, ಜಾಕ್ ಸೀಲಿಗೆ 3,500, ಪತ್ರಾ ತುಂಡು ಹಾಕಿ ಬೆಸೆಯಲು 5,500. ಈ ಲೆಕ್ಕವನ್ನು ಚೀಟಿಯಲ್ಲಿ ಬರೆದು ಮಾಲೀಕರ ಮುಂದಿಟ್ಟೆ. ‘ಕಾಕಾ, ಟ್ರಾಲಿಯಲ್ಲಿ ಹುಳುಕು ಹುಡುಕುತ್ತಿಲ್ಲ, ಖರ್ಚು ತೋರಿಸುತ್ತಿದ್ದೇನೆ’ ಎಂದೆ. ಅವರು ಚೀಟಿಯನ್ನು ದೂರ ಹಿಡಿದು ಓದಿದರು, ಚಹಾ ತರಿಸಿದರು, 95,000ಕ್ಕೆ ಬಂದರು. ನಾನು 75,000ಕ್ಕೆ ನಿಂತೆ. ಎರಡನೇ ಚಹಾಕ್ಕೆ 82,000ಕ್ಕೆ ಮುಗಿಯಿತು. ರಿಪೇರಿ ಕೂಡಿಸಿದರೆ ಸರಿಯಾಗಿ 1,15,000, ಅವರು ಮೊದಲು ಹೇಳಿದ ಬೆಲೆಯೇ! ಮನೆಯಲ್ಲಿ ಇದನ್ನು ಇಂದಿಗೂ ಹೇಳಿ ನಗುತ್ತಾರೆ.

ಕಾಗದಪತ್ರದಲ್ಲಿ ನಾನು ಗಟ್ಟಿಯಾಗಿ ಕುಳಿತೆ. ಟ್ರಾಲಿಗೆ ಟ್ರ್ಯಾಕ್ಟರಿನದಲ್ಲದೆ ಬೇರೆಯೇ ನೋಂದಣಿ ಇರಬೇಕು. ಹಳ್ಳಿಗಳಲ್ಲಿ ನಂಬರೇ ಇಲ್ಲದೆ ಕೈಯಿಂದ ಕೈಗೆ ಹೋಗುವ ಟ್ರಾಲಿಗಳು ಬೇಕಾದಷ್ಟಿವೆ. ಅಪಘಾತವಾದರೆ ವಿಮೆಯವರು ಮೊದಲು ಕೇಳುವುದು ಅದನ್ನೇ. ಇದಕ್ಕೆ ಕಲಬುರಗಿಯ ಕೆಎ 32 ನಂಬರಿತ್ತು. ಚಾಸಿಸ್ ಮೇಲೆ ಕೊರೆದ ಸಂಖ್ಯೆಯ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ, ಮೂಡಿದ ಅಂಕಿಗಳನ್ನು ನೋಂದಣಿ ಪತ್ರವಾದ ಆರ್‌ಸಿ ಜೊತೆ ಒಂದೊಂದಾಗಿ ಹೋಲಿಸಿದೆ. ಹೊಂದಿತು. ಆದರೆ ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಇತ್ತು. ಹತ್ತು ಸಾವಿರ ಮುಂಗಡ ಕೊಟ್ಟು, ಸಾಲ ತೀರಿದೆ ಎಂದು ಬ್ಯಾಂಕಿನ ಸಹಿಯಾದ ಫಾರಂ 35 ಬಂದು, ಮಾಲೀಕತ್ವ ವರ್ಗಾವಣೆಯ ಫಾರಂ 29 ಮತ್ತು 30ಕ್ಕೆ ಸಹಿ ಬಿದ್ದ ಮೇಲೆಯೇ ಉಳಿದ ಹಣ ಎಂದೆ. ಹನ್ನೆರಡು ದಿನ ಹಿಡಿಯಿತು. ಕಾಕಾ ಮುನಿಸಿಕೊಂಡು ಎರಡು ದಿನ ಫೋನ್ ಎತ್ತಲಿಲ್ಲ.

ಜನವರಿಯಲ್ಲಿ ಮೊದಲ ಸಲ ತೊಗರಿ ಹೇರಿಕೊಂಡು ಗಂಜ್‌ಗೆ ಹೊರಟೆ. ದಾರಿಯಲ್ಲಿ ರಸ್ತೆ ಉಬ್ಬು ಹತ್ತಿ ಇಳಿದ ಮೇಲೆ ಹಿಂದಿನಿಂದ ಬೈಕಿನವನೊಬ್ಬ ಕೂಗತೊಡಗಿದ. ಹಿಂಬಾಗಿಲಿನ ಕೀಲು ಸವೆದು ಕಳಚಿ, ಎರಡು ಚೀಲ ರಸ್ತೆಗೆ ಬಿದ್ದಿದ್ದವು; ಒಂದು ಒಡೆದಿತ್ತು. ಆ ಕೀಲನ್ನು ನೋಡುವುದನ್ನು ನಾನೂ ಮರೆತಿದ್ದೆ, ಚಾಚಾ ಕೂಡ. ಟವೆಲ್ ಹಾಸಿ ಡಾಂಬರಿನ ಮೇಲಿನ ತೊಗರಿಯನ್ನು ಬಳಿದುಕೊಂಡೆ. ಆ ಚೀಲವನ್ನು ಗಂಜ್‌ಗೆ ಹಾಕಲಿಲ್ಲ, ಮನೆಗೇ ವಾಪಸ್ ತಂದೆ.