‘ಹೆಚ್ಚು’ ಅಂದರೆ ಕೂಡು ಅಲ್ಲ: ವಾಕ್ಯರೂಪದ ಲೆಕ್ಕ ಸರಿಹೋದ ಬಗೆ

ತರಗತಿಯಲ್ಲಿ ಪದೇ ಪದೇ ಕೈಕೊಡುತ್ತಿದ್ದ ಲೆಕ್ಕ ಇದು: ‘ರವಿಯ ಹತ್ತಿರ 12 ಗೋಲಿಗಳಿವೆ. ಇದು ಲತಾಳ ಹತ್ತಿರ ಇರುವುದಕ್ಕಿಂತ 5 ಹೆಚ್ಚು. ಲತಾಳ ಹತ್ತಿರ ಎಷ್ಟು?’ ಅರ್ಧಕ್ಕರ್ಧ ಮಕ್ಕಳು 17 ಬರೆಯುತ್ತಿದ್ದರು. ಕೂಡುವುದು ಬರುತ್ತಿತ್ತು, ಓದುವುದೂ ಬರುತ್ತಿತ್ತು. ತಪ್ಪು ನಾವು ಕಲಿಸಿದ್ದರಲ್ಲೇ ಇತ್ತು: ‘ಹೆಚ್ಚು’ ಕಂಡರೆ ಕೂಡು, ‘ಉಳಿದ’ ಕಂಡರೆ ಕಳೆ ಎಂಬ ಪಟ್ಟಿ. ಅದನ್ನು ಗೋಡೆಯಿಂದ ಕಿತ್ತುಹಾಕಿದೆ.

ಈಗ ಮೊದಲ ಓದಿನಲ್ಲಿ ಅಂಕಿಗಳೇ ಇರುವುದಿಲ್ಲ. ‘ರವಿಯ ಹತ್ತಿರ ಕೆಲವು ಗೋಲಿ, ಲತಾಗಿಂತ ಸ್ವಲ್ಪ ಹೆಚ್ಚು.’ ಯಾರ ಹತ್ತಿರ ಕಡಿಮೆ? ಇದಕ್ಕೆ ಉತ್ತರ ಬರುವವರೆಗೆ ಪೆನ್ಸಿಲ್ ಮುಟ್ಟುವಂತಿಲ್ಲ. ಕನ್ನಡದಲ್ಲಿ ಒಂದು ಅನುಕೂಲವಿದೆ: ‘-ಕ್ಕಿಂತ’, ‘-ಗಿಂತ’ ಯಾವುದಕ್ಕೆ ಅಂಟಿದೆಯೋ ಅದೇ ಅಳತೆಗೋಲು. ಅದರ ಕೆಳಗೆ ಗೆರೆ ಎಳೆಸಿ.

ಆಮೇಲೆ ಒಂದರ ಕೆಳಗೊಂದು ಎರಡು ಆಯತಾಕಾರದ ಪಟ್ಟಿಗಳ ಚಿತ್ರ. ರವಿಯದು ಉದ್ದ, ಲತಾಳದು ಗಿಡ್ಡ, ಎಡತುದಿ ಒಂದೇ ಸಾಲಿನಲ್ಲಿ. ಉದ್ದದ ಪಟ್ಟಿಗೆ 12, ಮುಂದೆ ಚಾಚಿದ ತುಂಡಿಗೆ 5, ಗಿಡ್ಡದಕ್ಕೆ ಪ್ರಶ್ನಾರ್ಥಕ ಚಿಹ್ನೆ. 12 − 5 = 7 ಕಣ್ಣಿಗೇ ಕಾಣುತ್ತದೆ. ಕೆಲವರು ಹನ್ನೆರಡು ಗೋಲಿಗಳನ್ನೂ ಬಣ್ಣ ತುಂಬಿ ಬಿಡಿಸಲು ಕೂರುತ್ತಾರೆ. ಪಟ್ಟಿ ಸಾಕು, ಅಳತೆ ಅಂದಾಜಿಗಿದ್ದರೂ ನಡೆಯುತ್ತದೆ.

ಕೊನೆಗೆ ಉತ್ತರವನ್ನು ವಾಕ್ಯಕ್ಕೇ ಹಾಕಿ ಓದಿಸುತ್ತೇನೆ. 17 ಬರೆದವರ ವಾಕ್ಯ ಹೀಗಾಗುತ್ತದೆ: ‘12 ಎಂಬುದು 17ಕ್ಕಿಂತ 5 ಹೆಚ್ಚು.’ ಓದಿದವರೇ ನಕ್ಕು ಅಳಿಸುತ್ತಾರೆ. ವಾರಕ್ಕೊಮ್ಮೆ ಬೇಡದ ಅಂಕಿಯೊಂದನ್ನು ಲೆಕ್ಕದೊಳಗೆ ಸೇರಿಸಿಡುತ್ತೇನೆ. ಕಂಡದ್ದನ್ನೆಲ್ಲ ಕೂಡುವವರು ಅಲ್ಲಿ ಸಿಕ್ಕಿಬೀಳುತ್ತಾರೆ.